34 ಎಚ್‌ಪಿ ಮಿನಿಗೆ ಜೋರು ಬಂದಿದ್ದು ಎಲ್ಲಿಂದ? ಅರ್ಧ ಟೀ ಚಮಚದ ಲೆಕ್ಕ

ಇವತ್ತಿನ ಸಂಚಿಕೆ ಒಂದು ಪುಟ್ಟ ಎಂಜಿನ್ ಬಗ್ಗೆ. ನಾಲ್ಕು ಸಿಲಿಂಡರ್, 848 ಸಿಸಿ, 34 ಎಚ್‌ಪಿ. ಇವತ್ತು ನಮ್ಮ ರಸ್ತೆಯಲ್ಲಿ ಓಡೋ ಕೆಲವು ಬೈಕುಗಳಿಗೇ ಇದಕ್ಕಿಂತ ಜಾಸ್ತಿ ಪವರ್ ಇದೆ. 1959ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬಿಎಂಸಿ ಕಂಪನಿ ಬಿಡುಗಡೆ ಮಾಡಿದ ಮಿನಿ ಕಾರಿನ ಎಂಜಿನ್ ಇದು. ಹೆಸರು ಎ-ಸೀರೀಸ್. 1951ರಲ್ಲಿ ಆಸ್ಟಿನ್ ಎ30 ಕಾರಿಗೆ ಅಂತ 803 ಸಿಸಿಯಲ್ಲಿ ಶುರುವಾಗಿ, 2000ದವರೆಗೂ ಮಿನಿಯಲ್ಲಿ ಉಳಿದುಕೊಂಡಿತ್ತು. ನಮ್ಮ ಅಂಬಾಸಡರ್‌ನಲ್ಲಿ ಎಷ್ಟೋ ವರ್ಷ ಇದ್ದ 1489 ಸಿಸಿ ಎಂಜಿನ್ ಇದೇ ಮನೆತನದ ಬಿ-ಸೀರೀಸ್. ಅಣ್ಣ ಅಂತಾನೇ ಅಂದ್ಕೊಳ್ಳಿ.

ಈ ಎಂಜಿನ್ ಅನ್ನು ಮನೆ ಗ್ಯಾರೇಜಲ್ಲಿ ಬಿಚ್ಚಿ ಚುರುಕು ಮಾಡಿದಷ್ಟು ಇನ್ಯಾವ ಸಣ್ಣ ಎಂಜಿನ್ ಅನ್ನೂ ಜನ ಮಾಡಿರಲಿಕ್ಕಿಲ್ಲ. ಡೇವಿಡ್ ವಿಜಾರ್ಡ್ ಅನ್ನೋರು ಇದೊಂದರ ಟ್ಯೂನಿಂಗ್ ಬಗ್ಗೆಯೇ ದಪ್ಪ ಪುಸ್ತಕ ಬರೆದಿದ್ದಾರೆ.

ಮೊದಲು ಕಂಪನಿಯೇ ಏನು ಮಾಡಿತು ಅಂತ ನೋಡೋಣ. 1961ರಲ್ಲಿ ಮಿನಿ ಕೂಪರ್ ಬಂತು. 997 ಸಿಸಿ, 55 ಎಚ್‌ಪಿ. ನಾನು ಕಾಮರ್ಸ್ ಓದಿದೋನು, ಹಾಗಾಗಿ ಮೊದಲು ಭಾಗಾಕಾರ. ಹಳೇ ಮಿನಿಯಲ್ಲಿ ಲೀಟರಿಗೆ ಸುಮಾರು 40 ಎಚ್‌ಪಿ. ಬರೀ ಸಿಸಿ ಜಾಸ್ತಿ ಮಾಡಿದ್ದಿದ್ರೆ ಕೂಪರ್‌ಗೂ ಹೆಚ್ಚುಕಮ್ಮಿ 40 ಎಚ್‌ಪಿಯೇ ಸಿಗಬೇಕಿತ್ತು. ಉಳಿದ 15 ಎಲ್ಲಿಂದ ಬಂತು? ದೊಡ್ಡ ಇನ್‌ಲೆಟ್ ವಾಲ್ವ್, ಎರಡು ಕಾರ್ಬ್ಯುರೇಟರ್, ಬೇರೆ ಕ್ಯಾಮ್‌ಶಾಫ್ಟ್, ಹೊಗೆ ಸಲೀಸಾಗಿ ಹೋಗೋಕೆ ಮೂರು ಕವಲಿನ ಎಕ್ಸಾಸ್ಟ್, ಜೊತೆಗೆ ಹೆಚ್ಚಿನ ಕಂಪ್ರೆಷನ್. ಅಂದ್ರೆ ಹೆಚ್ಚು ಗಾಳಿ ಒಳಗೆ ತಗೊಂಡು, ಅದನ್ನ ಇನ್ನೂ ಒತ್ತಿ ಉರಿಸಿದ್ದಕ್ಕೆ ಆ 15 ಸಿಕ್ಕಿತು.

ಈ ಎಂಜಿನ್‌ನ ಕಷ್ಟ ಇರೋದೂ ಉಸಿರಾಟದಲ್ಲೇ. ನಾಲ್ಕು ಸಿಲಿಂಡರಿಗೆ ಗಾಳಿ ಬರೋ ದಾರಿ ಎರಡೇ. 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಇನ್ನೊಂದು. ಹೊಗೆ ಹೋಗೋಕೆ ಮೂರು ದಾರಿ, ನಡುವಿನದ್ದು ಎರಡು ಸಿಲಿಂಡರಿಗೆ ಸೇರಿ. ಕಿಡಿ ಹಾರೋ ಸರದಿ 1-3-4-2. ಹಾಗಾಗಿ 3 ಇನ್ನೂ ಎಳೆದು ಮುಗಿಸಿರಲ್ಲ, ಪಕ್ಕದ 4 ಅದೇ ದಾರಿಯಿಂದ ಎಳೆಯೋಕೆ ಶುರು ಮಾಡುತ್ತೆ. ಒಂದೇ ಎಳನೀರಿಗೆ ಎರಡು ಸ್ಟ್ರಾ ಹಾಕಿದ ಹಾಗೆ.

ಅದಕ್ಕೇ ಅನುಭವಿಗಳು ಮೊದಲು ಕೈ ಹಾಕೋದು ಸಿಲಿಂಡರ್ ಹೆಡ್‌ಗೆ. ಇಂಗ್ಲೆಂಡಿನ ಡೌಂಟನ್ ಅನ್ನೋ ಹಳ್ಳಿಯಲ್ಲಿ ಡೇನಿಯಲ್ ರಿಚ್ಮಂಡ್ ಅನ್ನೋರು ಮಿನಿ ಹೆಡ್‌ಗಳ ಕೆಲಸಕ್ಕೇ ಹೆಸರಾಗಿದ್ದರು. ಕೊನೆಗೆ ಬಿಎಂಸಿಯೇ ಅವರ ಸಲಹೆ ಕೇಳೋ ಹಾಗಾಯ್ತು. ಹೆಡ್ ಇಳಿಸಿದ ಮೇಲೆ ಮುಖ್ಯ ಜಾಗ ವಾಲ್ವ್ ಸೀಟಿನ ಹಿಂದಿನ ತಿರುವು. ಎರಕದಲ್ಲಿ ಉಳಿದ ಏಣು, ಉಬ್ಬು ಎಲ್ಲ ಅಲ್ಲೇ ಇರುತ್ತೆ. ಅದನ್ನ ನಯವಾಗಿ ತಿದ್ದಬೇಕು. ವಾಲ್ವ್ ಸರಿಯಾಗಿ ಲ್ಯಾಪ್ ಮಾಡಬೇಕು, ಮ್ಯಾನಿಫೋಲ್ಡ್ ತೂತು ಹೆಡ್‌ನ ತೂತಿಗೆ ಸರಿಯಾಗಿ ಕೂತಿದೆಯಾ ನೋಡಬೇಕು. ಇಡೀ ದಾರಿಯನ್ನ ದೊಡ್ಡದು ಮಾಡಿ ಕನ್ನಡಿ ಥರ ಪಾಲಿಶ್ ಹೊಡೆಯೋದು ಫೋಟೋಗೆ ಚೆನ್ನ. ದಾರಿ ಅತಿಯಾಗಿ ಅಗಲ ಆದ್ರೆ ಗಾಳಿಯ ವೇಗ ಕುಸಿದು, ಕಮ್ಮಿ ಆರ್‌ಪಿಎಂನಲ್ಲಿ ಇದ್ದ ಪಿಕಪ್ಪೂ ಹೋಗುತ್ತೆ.

ಈಗ ಕಂಪ್ರೆಷನ್. ನನಗೆ ತುಂಬಾ ಇಷ್ಟವಾದ ಭಾಗ ಇದು. 848 ಸಿಸಿಯನ್ನ ನಾಲ್ಕರಿಂದ ಭಾಗಿಸಿದ್ರೆ ಒಂದು ಸಿಲಿಂಡರಿಗೆ 212 ಸಿಸಿ. ಮಿನಿಯ ಕಂಪ್ರೆಷನ್ ಅನುಪಾತ 8.3. ಅಂದ್ರೆ ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯೋ ಜಾಗ 212 ಭಾಗ 7.3, ಸುಮಾರು 29 ಸಿಸಿ. ಅನುಪಾತ 9 ಆಗಬೇಕಾದ್ರೆ 212 ಭಾಗ 8, 26.5 ಸಿಸಿ. ವ್ಯತ್ಯಾಸ ಎರಡೂವರೆ ಸಿಸಿ, ಅರ್ಧ ಟೀ ಚಮಚ! ಇಷ್ಟಕ್ಕೇ ಹೆಡ್‌ನ ತಳವನ್ನ ಲೇತ್ ಅಂಗಡಿಯಲ್ಲಿ ಕೂದಲೆಳೆ ಲೆಕ್ಕದಲ್ಲಿ ಫೇಸಿಂಗ್ ಮಾಡಿಸೋದು.

ಎಷ್ಟು ಫೇಸಿಂಗ್ ಮಾಡಿಸಬೇಕು ಅಂತ ಅಂದಾಜಿಗೆ ಹೇಳಬೇಡಿ. ಹೆಡ್ ಅನ್ನು ತಲೆಕೆಳಗು ಮಾಡಿ ಮಟ್ಟವಾಗಿ ಇಡಿ, ವಾಲ್ವ್ ಮತ್ತು ಸ್ಪಾರ್ಕ್ ಪ್ಲಗ್ ಹಾಕಿರಲಿ. ತೂತು ಕೊರೆದ ಅಕ್ರಿಲಿಕ್ ತುಂಡನ್ನ ಗ್ರೀಸ್ ಹಚ್ಚಿ ಚೇಂಬರ್ ಮೇಲೆ ಕೂರಿಸಿ. ಮೆಡಿಕಲ್ ಅಂಗಡಿಯ ಸಿರಿಂಜಲ್ಲಿ ಸೀಮೆಎಣ್ಣೆ ತುಂಬಿ. ಎಷ್ಟು ಎಂಎಲ್ ಹಿಡೀತೋ ಅದೇ ಚೇಂಬರ್ ಗಾತ್ರ. ನಾಲ್ಕೂ ಒಂದೇ ಬರಬೇಕು. ಬರದಿದ್ರೆ ಚಿಕ್ಕದನ್ನ ತಿದ್ದಿ ದೊಡ್ಡದಕ್ಕೆ ಸಮ ಮಾಡಿ. ಆಮೇಲೆ ಅಕ್ರಿಲಿಕ್ ತೆಗೆದು, ಬೇಕಾದ ಗಾತ್ರದಷ್ಟೇ ಎಣ್ಣೆ ಹಾಕಿದ್ರೆ, ಎಣ್ಣೆಯ ಮಟ್ಟದಿಂದ ಹೆಡ್‌ನ ತಳದವರೆಗಿನ ಅಂತರವೇ ಫೇಸಿಂಗ್ ಮಾಡಬೇಕಾದ ಅಳತೆ. ಒಂದು ಮಾತು, ಆ 26.5ರಲ್ಲಿ ಹೆಡ್ ಗ್ಯಾಸ್ಕೆಟ್‌ನ ದಪ್ಪ, ಪಿಸ್ಟನ್ ತಲೆಯ ಗುಳಿ ಎರಡೂ ಸೇರಿರುತ್ತೆ. ಅದನ್ನ ಕಳೆದೇ ಚೇಂಬರ್ ಲೆಕ್ಕ ಹಾಕಿ. ಹೆಡ್ ತೆಳುವಾದ ಮೇಲೆ ಟಪೆಟ್ ಕ್ಲಿಯರೆನ್ಸ್, ಇಗ್ನಿಷನ್ ಟೈಮಿಂಗ್ ಎರಡನ್ನೂ ಹೊಸದಾಗಿ ಸೆಟ್ ಮಾಡಬೇಕು. ಲೋಡ್‌ನಲ್ಲಿ ಟಣಟಣ ಅಂತ ನಾಕಿಂಗ್ ಕೇಳಿದ್ರೆ ಅಲ್ಲೇ ನಿಲ್ಲಿಸಿ. ಅದು ಪಿಸ್ಟನ್ ತಿನ್ನೋ ಸದ್ದು.

ಕ್ಯಾಮ್ ಬದಲಿಸೋದು ಬಹಳ ಜನರ ಕನಸು. ರೇಸ್ ಕ್ಯಾಮ್ ಹಾಕಿದ್ರೆ ಪವರ್ ಮೇಲಿನ ಆರ್‌ಪಿಎಂಗೆ ಹೋಗುತ್ತೆ, ಸಿಗ್ನಲ್‌ನಲ್ಲಿ ಐಡಲ್ ನಿಲ್ಲಲ್ಲ. ಊರೊಳಗೆ ಓಡಿಸೋ ಕಾರಿಗೆ ಬೇಡ ಅನ್ನೋದೇ ನನ್ನ ಅಭಿಪ್ರಾಯ.

ಕಾರ್ಬ್ಯುರೇಟರ್ ಎಸ್‌ಯು ಕಂಪನಿಯದ್ದು. ಒಳಗಿನ ಪಿಸ್ಟನ್ ಗಾಳಿಗೆ ತಕ್ಕ ಹಾಗೆ ಏರಿಳಿಯುತ್ತೆ, ಅದರ ತುದಿಯ ಮೊನಚು ಸೂಜಿ ಪೆಟ್ರೋಲ್ ಅಳೆಯುತ್ತೆ. ಏರ್ ಫಿಲ್ಟರೋ ಎಕ್ಸಾಸ್ಟೋ ಬದಲಾದ್ರೆ ಸೂಜಿಯೂ ಬದಲಾಗಬೇಕಾಗಬಹುದು. ಮಿಕ್ಸ್ಚರ್ ನೋಡೋಕೆ ಮೀಟರ್ ಬೇಕಿಲ್ಲ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿದ್ದಾಗ ಆ ಪಿಸ್ಟನ್ ಅನ್ನು ಒಂದು ಮಿಮೀಗಿಂತ ಕಮ್ಮಿ ಎತ್ತಿ. ಆರ್‌ಪಿಎಂ ಏರಿ ಹಾಗೇ ನಿಂತ್ರೆ ಪೆಟ್ರೋಲ್ ಜಾಸ್ತಿ. ಕುಸಿದು ಆಫ್ ಆಗೋ ಹಾಗಾದ್ರೆ ಕಮ್ಮಿ. ಒಂದು ಕ್ಷಣ ಸ್ವಲ್ಪ ಏರಿ ಮೊದಲಿನ ಮಟ್ಟಕ್ಕೆ ಬಂದ್ರೆ ಸರಿ.

ಇಷ್ಟೆಲ್ಲ ಆದಮೇಲೆ ಗಾಡಿ ನಿಲ್ಲಬೇಕಲ್ಲ? 1959ರ ಮಿನಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಕೂಪರ್‌ಗೆ ಪವರ್ ಕೊಟ್ಟಾಗ ಕಂಪನಿಯೇ ಮುಂದೆ ಡಿಸ್ಕ್ ಹಾಕಿತು. ಗಂಟೆಗೆ 100 ಕಿಮೀ ಬದಲು 120ರಲ್ಲಿ ಹೋದ್ರೆ ವೇಗ 20% ಜಾಸ್ತಿ, ಆದ್ರೆ ಬ್ರೇಕ್ ನುಂಗಬೇಕಾದ ಶಕ್ತಿ 44% ಜಾಸ್ತಿ. ಹೆಡ್‌ಗೆ ದುಡ್ಡಿದ್ದು ಬ್ರೇಕ್‌ಗೆ ಇಲ್ಲ ಅಂದ್ರೆ ಹೆಡ್ ಬಿಚ್ಚಲೇಬೇಡಿ. ಇನ್ನು ಮಿನಿಯ ಗೇರ್‌ಬಾಕ್ಸ್ ಎಂಜಿನ್ ಕೆಳಗೇ ಇದ್ದು, ಎರಡಕ್ಕೂ ಒಂದೇ ಆಯಿಲ್. ಗೇರು ಸವೆದ ಲೋಹದ ಪುಡಿ ಅದೇ ಆಯಿಲಿಗೆ ಸೇರುತ್ತೆ. ಜೋರು ಓಡಿಸೋರು ಆಯಿಲ್ ಬೇಗ ಬದಲಿಸಲೇಬೇಕು.

ತಾತನ ಹಳೇ ಕಾರು ಶೆಡ್‌ನಲ್ಲಿದೆ, ನಾವೂ ಕೈ ಹಾಕ್ತೀವಿ ಅನ್ನೋರಿಗೆ ಇನ್ನೊಂದು ವಿಷಯ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಬೋರ್ ದೊಡ್ಡದು ಮಾಡಿಸಿ ಸಿಸಿ ಬದಲಿಸೋ ಮೊದಲು ಆರ್‌ಟಿಒ ಮತ್ತು ಇನ್ಶೂರೆನ್ಸ್ ಎರಡೂ ಕಡೆ ಕೇಳಿಕೊಳ್ಳಿ.