ಅಟ್ಟದ ಕೊಬ್ಬರಿಯೂ ಅಜೈಲ್ ಪದ್ಧತಿಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲ್ಲೂಕುಗಳ ತೆಂಗಿನ ತೋಟಗಳ ನಡುವೆ ನಿಂತ ಮನೆಗಳಲ್ಲಿ, ಅದರಲ್ಲಿಯೂ 2020ರ ಮಹಾಮಾರಿಯ ಕಾಲದಲ್ಲಿ ಬೆಂಗಳೂರಿನ ಕಂಪನಿಗಳು ತಮ್ಮ ನೌಕರರನ್ನು ಊರಿನಿಂದಲೇ ಕೆಲಸ ಮಾಡಲು ಬಿಟ್ಟಂದಿನಿಂದ, ಬೆಳಗಿನ ಹೊತ್ತು ಹಿರಿಯರ ಕಿವಿಗೆ ಬೀಳತೊಡಗಿದ ಒಂದು ವಿಚಿತ್ರ ಸಂಭಾಷಣೆಯುಂಟು. ಮಗನೋ ಸೊಸೆಯೋ ಲ್ಯಾಪ್‌ಟಾಪಿನ ಮುಂದೆ ಕುಳಿತು, ‘ನಿನ್ನೆ ಇಷ್ಟಾಯಿತು, ಇವತ್ತು ಇಷ್ಟು ಮಾಡುತ್ತೇನೆ, ಇಂಥ ಕಡೆ ತಡೆ ಬಂದಿದೆ’ ಎಂದು ಮೂರು ವಾಕ್ಯ ಒಪ್ಪಿಸಿ, ಉಳಿದವರು ಒಪ್ಪಿಸುವುದನ್ನು ಕೇಳಿ, ಕಾಲುಗಂಟೆಯೊಳಗೆ ಎದ್ದುಬಿಡುತ್ತಾರೆ. ‘ಅದನ್ನು ಬ್ಯಾಕ್‌ಲಾಗಿಗೆ ಹಾಕಿ’ ಎಂಬ ಮಾತು ನಡುವೆ ಬಂದರೆ, ಬ್ಯಾಕ್‌ಲಾಗ್ ಎಂದರೆ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಉಳಿಸಿಕೊಂಡ ವಿಷಯವೆಂದು ಮಾತ್ರ ಬಲ್ಲ ತಂದೆ ಒಂದು ಕ್ಷಣ ಬೆಚ್ಚಿದರೆ ಅದು ಅವರ ತಪ್ಪಲ್ಲ. ಈ ನಿತ್ಯವಿಧಿಯ ಹಿಂದೆ ಇರುವುದು ಅಜೈಲ್ ಎಂಬ ಕಾರ್ಯಪದ್ಧತಿ. ಇಂದು ಜಗತ್ತಿನ ತಂತ್ರಾಂಶದ ಬಹುಭಾಗ, ನಿಜವಾಗಿಯೋ ಹೆಸರಿಗೆ ಮಾತ್ರವೋ, ಇದರ ಪ್ರಕಾರವೇ ಸಿದ್ಧವಾಗುತ್ತಿದೆ.

ಇದು ಯಾವ ವ್ಯಾಧಿಗೆ ಮದ್ದಾಗಿ ಬಂದಿತೆಂಬುದನ್ನು ಮೊದಲು ತಿಳಿಯಬೇಕು. ಹಿಂದಿನ ಕ್ರಮದಲ್ಲಿ ತಂತ್ರಾಂಶವನ್ನು ಬೇಡಿದವರಿಂದ ಸಮಸ್ತ ಅಪೇಕ್ಷೆಗಳನ್ನೂ ಬರೆಯಿಸಿ ಸಹಿ ಹಾಕಿಸಿಕೊಂಡು, ಅದರ ಮೇಲೆ ವಿನ್ಯಾಸ ಮಾಡಿ, ವಿನ್ಯಾಸ ಮುಗಿದ ಮೇಲೆ ಪ್ರೋಗ್ರಾಮ್ ಬರೆದು, ಬರೆದದ್ದೆಲ್ಲ ಮುಗಿದ ಮೇಲೆ ಪರೀಕ್ಷಿಸಿ, ವರ್ಷವೋ ಮೂರು ವರ್ಷವೋ ಕಳೆದ ತರುವಾಯ ಬೇಡಿದವರ ಮುಂದೆ ಇಡುತ್ತಿದ್ದರು. ಮೇಲಿನ ಹಂತದಿಂದ ಕೆಳಗಿನ ಹಂತಕ್ಕೆ ಧುಮುಕಿದ ನೀರು ಮತ್ತೆ ಮೇಲೇರಲಾರದಾದ್ದರಿಂದ ಇದಕ್ಕೆ ವಾಟರ್‌ಫಾಲ್, ಅಂದರೆ ಜಲಪಾತ, ಎಂಬ ಹೆಸರು ನಿಂತಿತು. ವಿನ್ಸ್ಟನ್ ರಾಯ್ಸ್ ಎಂಬ ಅಮೆರಿಕದ ತಂತ್ರಜ್ಞನು 1970ರ ಒಂದು ಪ್ರಬಂಧದಲ್ಲಿ ಈ ಸೋಪಾನಕ್ರಮದ ಚಿತ್ರವನ್ನು ಬರೆದು, ಕೂಡಲೇ ಇದು ಅಪಾಯಕಾರಿಯೆಂದೂ ಹೇಳಿದ್ದನು. ಲೋಕವು ಚಿತ್ರವನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಬಿಟ್ಟಿತು.

ಉಂಡೆ ಕೊಬ್ಬರಿಯ ಸೀಮೆಯವರಿಗೆ ಈ ಕ್ರಮ ಅಪರಿಚಿತವಲ್ಲ. ಬಲಿತ ಕಾಯನ್ನು ಅಟ್ಟಕ್ಕೇರಿಸಿ, ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷವೇ, ಹಾಗೆಯೇ ಬಿಟ್ಟು, ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟು, ಅಲುಗಿಸಿದರೆ ಸದ್ದಾಗುವವರೆಗೆ ಕಾದು, ಆಮೇಲೆ ಮಟ್ಟೆ ಸುಲಿದು ಚಿಪ್ಪೊಡೆದಾಗಲಷ್ಟೇ ಒಳಗಿರುವುದು ಉತ್ತಮ ಕೊಬ್ಬರಿಯೋ ಕೌಟೋ ಎಂಬುದು ಪ್ರಕಟವಾಗುತ್ತದೆ. ನಡುವೆ ಒಡೆದು ನೋಡಿದರೆ ಆ ಕಾಯಿ ಕೆಟ್ಟಂತೆಯೇ ಸರಿ. ಆದರೆ ಅಟ್ಟದ ಮೇಲಿನ ಕಾಯಿಗೂ ತಂತ್ರಾಂಶಕ್ಕೂ ಇರುವ ಮುಖ್ಯವಾದ ಅಂತರವೆಂದರೆ, ಕಾಯಿಗೆ ಏನಾಗಬೇಕೆಂಬುದು ತಲೆಮಾರುಗಳಿಂದ ನಿಶ್ಚಿತವಾಗಿದೆ. ತಂತ್ರಾಂಶವನ್ನು ಬೇಡಿದವನಿಗೆ ತನಗೇನು ಬೇಕೆಂಬುದು ಅದನ್ನು ಕಣ್ಣಾರೆ ಕಾಣುವ ತನಕ ನಿಶ್ಚಯವಾಗುವುದಿಲ್ಲ. ಇದು ಅವನ ಚಾಂಚಲ್ಯವಲ್ಲ. ಕಾಣದ ವಸ್ತುವನ್ನು ಕುರಿತು ಯಾರೂ ಕಾಗದದ ಮೇಲೆ ಪೂರ್ಣವಾಗಿ ವಿವರಿಸಲಾರರು. ಅಜೈಲಿನ ಸಕಲ ವಿಧಿನಿಯಮಗಳೂ ಈ ಒಂದು ಸತ್ಯದಿಂದ ಹುಟ್ಟಿದವೆಂದು ನನ್ನ ತಿಳಿವಳಿಕೆ. ವೇಗವನ್ನು ಕುರಿತ ಮಾತೆಲ್ಲ ಆಮೇಲೆ ಬಂದದ್ದು.

ಮುಚ್ಚಿಟ್ಟು ಕಾದವರ ಗತಿಗೆ ಪ್ರಸಿದ್ಧ ನಿದರ್ಶನ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐಯದು. ಪ್ರಕರಣಗಳ ಕಡತಗಳನ್ನು ಗಣಕಕ್ಕೆ ತರುವ ಅದರ ಒಂದು ಯೋಜನೆ ಸುಮಾರು 17 ಕೋಟಿ ಡಾಲರುಗಳನ್ನು ನುಂಗಿ, 2005ರಲ್ಲಿ ನಿರುಪಯುಕ್ತವೆಂದು ತ್ಯಜಿಸಲ್ಪಟ್ಟಿತು. ‘ಸೆಂಟಿನೆಲ್’ ಎಂಬ ಎರಡನೆಯ ಪ್ರಯತ್ನವೂ ಹಳೆಯ ಜಾಡಿನಲ್ಲೇ ಕುಂಟುತ್ತಿದ್ದಾಗ, 2010ರಲ್ಲಿ ಸಂಸ್ಥೆಯು ಕೆಲಸವನ್ನು ಗುತ್ತಿಗೆದಾರರಿಂದ ತನ್ನ ಕೈಗೆ ತೆಗೆದುಕೊಂಡು, ಚಿಕ್ಕ ತಂಡದಿಂದ ಎರಡೆರಡು ವಾರದ ತುಂಡುಗಳಾಗಿ ಮಾಡಿಸಿ, 2012ರಲ್ಲಿ ಬಳಕೆಗೆ ತಂದಿತು.

ಅಷ್ಟರಲ್ಲಿ ಪದ್ಧತಿಗೆ ನಾಮಕರಣವಾಗಿ ದಶಕ ಕಳೆದಿತ್ತು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತದ ಸ್ನೋಬರ್ಡ್ ಎಂಬ ಹಿಮವಿಹಾರದ ತಾಣದಲ್ಲಿ ಹದಿನೇಳು ಜನ ಅನುಭವಿಗಳು ಸೇರಿ ಒಂದು ಪುಟ್ಟ ಘೋಷಣೆಯನ್ನು ಸಿದ್ಧಪಡಿಸಿದರು. ವಿಧಿ ಮತ್ತು ಉಪಕರಣಗಳಿಗಿಂತ ವ್ಯಕ್ತಿಗಳೂ ಅವರ ಪರಸ್ಪರ ವ್ಯವಹಾರವೂ, ವಿಸ್ತಾರವಾದ ದಸ್ತಾವೇಜಿಗಿಂತ ಕೆಲಸ ಮಾಡುವ ತಂತ್ರಾಂಶವೂ, ಕರಾರಿನ ಚೌಕಾಸಿಗಿಂತ ಗ್ರಾಹಕನ ಸಹಯೋಗವೂ, ಯೋಜನೆಯನ್ನು ಹಿಡಿದು ನಡೆಯುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದೂ ಹೆಚ್ಚು ಬೆಲೆಯುಳ್ಳವೆಂಬುದು ಅದರ ಭಾವ. ಪ್ರತಿ ಜೋಡಿಯಲ್ಲಿ ಮೊದಲು ಹೇಳಿದ್ದು ಬೇಡವೆಂದು ಅವರು ಹೇಳಲಿಲ್ಲ, ಎರಡನೆಯದಕ್ಕೆ ಹೆಚ್ಚು ತೂಕವೆಂದರು. ಈ ಸೂಕ್ಷ್ಮವನ್ನು ಮರೆತು ‘ಅಜೈಲ್‌ನಲ್ಲಿ ಕಾಗದಪತ್ರವೇ ಬೇಡ’ ಎನ್ನುವ ಸೋಮಾರಿಗಳು ಎಲ್ಲ ಕಂಪನಿಗಳಲ್ಲಿಯೂ ಇದ್ದಾರೆ. ಆ ಹದಿನೇಳರಲ್ಲಿ ಒಬ್ಬನಾದ ಕೆಂಟ್ ಬೆಕ್, ಕ್ರೈಸ್ಲರ್ ಮೋಟಾರು ಕಂಪನಿಯ ಸಂಬಳದ ಲೆಕ್ಕದ ಯೋಜನೆಯಲ್ಲಿ ತನ್ನ ವಿಚಾರಗಳನ್ನು ರೂಢಿಸಿದವನು. ಹೊಸ ಪದ್ಧತಿಯ ತವರಾದ ಆ ಯೋಜನೆಯೇ 2000ದಲ್ಲಿ ನಿಂತುಹೋಯಿತೆಂಬುದನ್ನು ಭಕ್ತರು ಹೆಚ್ಚಾಗಿ ಹೇಳುವುದಿಲ್ಲ. ಇನ್ನಿಬ್ಬರು, ಜೆಫ್ ಸದರ್ಲ್ಯಾಂಡ್ ಮತ್ತು ಕೆನ್ ಶ್ವೇಬರ್, 1995ರಲ್ಲಿಯೇ ಸ್ಕ್ರಮ್ ಎಂಬ ಕ್ರಮವನ್ನು ಸಭೆಯೊಂದರಲ್ಲಿ ಮಂಡಿಸಿದ್ದರು. ಆ ಹೆಸರು ರಗ್ಬಿ ಆಟದ್ದು, 1986ರಲ್ಲಿ ಟಕೆಯುಚಿ, ನೊನಾಕ ಎಂಬ ಜಪಾನಿನ ವಿದ್ವಾಂಸರಿಬ್ಬರು ಬರೆದ ಲೇಖನದಿಂದ ಬಂದದ್ದು. ಇಂದು ಬೆಂಗಳೂರಿನಲ್ಲಿ ಅಜೈಲ್ ಎಂದರೆ ಹೆಚ್ಚಾಗಿ ಸ್ಕ್ರಮ್ ಎಂದೇ ಅರ್ಥ.

ಅದರ ನಡಾವಳಿಯನ್ನು ಹತ್ತಿರದಿಂದ ಕಾಣಲು ಒಂದು ಕಲ್ಪಿತ ಪ್ರಸಂಗವನ್ನು ತೆಗೆದುಕೊಳ್ಳೋಣ. ತುರುವೇಕೆರೆಯ ಕಡೆಯ ಒಂದು ತೆಂಗು ಬೆಳೆಗಾರರ ಸಹಕಾರ ಸಂಘವು, ರೈತರು ತಂದ ಕೊಬ್ಬರಿಯ ಲೆಕ್ಕವನ್ನಿಡಲು ತಂತ್ರಾಂಶ ಮಾಡಿಸಬೇಕೆಂದು ನಿಶ್ಚಯಿಸಿದೆಯೆನ್ನಿ. ಸಂಘದ ಪರವಾಗಿ ‘ಇದು ಮೊದಲು, ಅದು ಆಮೇಲೆ’ ಎಂದು ನಿರ್ಣಯಿಸುವ ಅಧಿಕಾರ ಒಬ್ಬರಿಗೆ ಇರಬೇಕು. ಅವರೇ ಪ್ರಾಡಕ್ಟ್ ಓನರ್. ಸಂಘದ ಕಾರ್ಯದರ್ಶಿಗಳೇ ಈ ಸ್ಥಾನಕ್ಕೆ ಯೋಗ್ಯರು, ಅಧ್ಯಕ್ಷರಲ್ಲ. ಏಕೆಂದರೆ ತೂಕದ ಚೀಟಿ ಬರೆದು ಬೈಸಿಕೊಂಡವರಿಗೆ ಮಾತ್ರ ಏನು ತುರ್ತು ಎಂಬುದು ಗೊತ್ತಿರುತ್ತದೆ. ಬೇಕಾದ ಸಂಗತಿಗಳನ್ನೆಲ್ಲ ತಾಂತ್ರಿಕ ಭಾಷೆಯಲ್ಲಲ್ಲ, ಬಳಸುವವರ ಮಾತಿನಲ್ಲಿ ಬರೆಯುತ್ತಾರೆ: ‘ರೈತನಾದ ನನಗೆ ಚೀಲ ಇಳಿಸಿದೊಡನೆ ಫೋನಿಗೆ ತೂಕ ಬರಬೇಕು, ಸಂಜೆ ಬಸ್ಸಿಗೆ ಮೊದಲು ತಕರಾರು ಹೇಳಲು.’ ಇಂಥ ಚೀಟಿಗಳ ಸರದಿಪಟ್ಟಿಯೇ ಬ್ಯಾಕ್‌ಲಾಗ್. ಅದರ ತುದಿಯಿಂದ ತಂಡವು ತನ್ನ ಶಕ್ತಿಗೆ ತಕ್ಕಷ್ಟನ್ನು ಎತ್ತಿಕೊಂಡು, ತಿಂಗಳಿಗೆ ಮೀರದ, ಸಾಮಾನ್ಯವಾಗಿ ಎರಡು ವಾರದ ಅವಧಿಯಲ್ಲಿ ಮುಗಿಸುತ್ತದೆ. ಈ ಅವಧಿ ಸ್ಪ್ರಿಂಟ್. ತಂಡವೆಂದರೆ ಹತ್ತು ಜನಕ್ಕೆ ಮೀರದ ಗುಂಪು. ಪ್ರತಿದಿನ ಹದಿನೈದು ನಿಮಿಷ ನಿಂತೇ ಮಾತನಾಡಿಕೊಳ್ಳುವುದು ಮೇಲಧಿಕಾರಿಗೆ ವರದಿ ಒಪ್ಪಿಸಲಿಕ್ಕಲ್ಲ, ಒಬ್ಬರ ತಡೆಯನ್ನು ಇನ್ನೊಬ್ಬರು ತೆಗೆಯಲಿಕ್ಕೆ. ತಡೆಗಳನ್ನು ನಿವಾರಿಸಿ ಕ್ರಮವನ್ನು ಕಾಯುವ ಸ್ಕ್ರಮ್ ಮಾಸ್ಟರ್ ಮೇಸ್ತ್ರಿಯಲ್ಲ; ಆಜ್ಞೆ ಮಾಡುವ ಹಕ್ಕು ಅವರಿಗಿಲ್ಲ.

ಎರಡು ವಾರದ ಕೊನೆಗೆ, ಅಂದವಿಲ್ಲದ್ದಾದರೂ ನಿಜವಾಗಿ ನಡೆಯುವ ಒಂದು ಪರದೆ ಕಾರ್ಯದರ್ಶಿಗಳ ಮುಂದೆ ಬರುತ್ತದೆ. ರೈತನ ಹೆಸರು, ಚೀಲ, ತೂಕ, ಮುಗಿಯಿತು. ಅವರು ನೋಡಿದೊಡನೆ ಕೇಳುವ ಪ್ರಶ್ನೆ ಯಾವ ದಸ್ತಾವೇಜಿನಲ್ಲಿಯೂ ಇರಲಿಲ್ಲ: ‘ಅಲ್ಲಪ್ಪಾ, ಒಬ್ಬನೇ ರೈತ ಎರಡು ದರ್ಜೆ ಕೊಬ್ಬರಿ ತಂದರೆ ಎಲ್ಲಿ ಬರೆಯೋದು? ಅಣ್ಣತಮ್ಮಂದಿರ ಜಂಟಿ ಖಾತೆ ಇದ್ದರೆ ದುಡ್ಡು ಯಾರ ಹೆಸರಿಗೆ ಹಾಕ್ತೀರಿ?’ ಹಳೆಯ ಕ್ರಮದಲ್ಲಿ ಈ ಪ್ರಶ್ನೆ ಎರಡು ವರ್ಷದ ಮೇಲೆ, ಎಲ್ಲವೂ ಕಟ್ಟಿ ಮುಗಿದು, ಗೋಡೆ ಒಡೆಯದೆ ತಿದ್ದಲಾಗದ ಸ್ಥಿತಿಯಲ್ಲಿ ಬರುತ್ತಿತ್ತು. ಇಲ್ಲಿ ಅದು ಹದಿನೈದನೆಯ ದಿನಕ್ಕೆ ಬಂದಿತು. ಎರಡು ಚೀಟಿಗಳಾಗಿ ಬ್ಯಾಕ್‌ಲಾಗಿನ ತುದಿಗೇರಿತು. ಅನಂತರ ತಂಡವು ಪ್ರತ್ಯೇಕವಾಗಿ ಕುಳಿತು ತನ್ನ ಕೆಲಸದ ರೀತಿಯಲ್ಲಿ ಏನು ಸರಿಯಿತ್ತು, ಏನು ಕೆಟ್ಟಿತು ಎಂದು ಪರಾಮರ್ಶಿಸಿಕೊಳ್ಳುತ್ತದೆ. ಎಲ್ಲ ವಿಧಿಗಳಲ್ಲಿ ಇದನ್ನೇ ಮೊದಲು ಕೈಬಿಡುತ್ತಾರೆ, ಬಿಡಬಾರದದ್ದು ಇದೇ.

ನಮ್ಮ ತುಮಕೂರು ಜಿಲ್ಲೆಯಲ್ಲಿಯೇ, ಮೊದಲು ಚಿಕ್ಕದಾಗಿ ಮಾಡಿ ನೋಡುವ ಈ ನೀತಿಯ ದೊಡ್ಡ ಪ್ರಯೋಗವೊಂದು, ಸ್ಕ್ರಮ್ ಎಂಬ ಹೆಸರಿಲ್ಲದೆ, ನಡೆದುಹೋಗಿದೆ. ಇಡೀ ದೇಶಕ್ಕೆ ಆಧಾರ್ ಸಂಖ್ಯೆ ಕೊಡುವ ಮೊದಲು ಗುರುತಿನ ಪ್ರಾಧಿಕಾರವು 2010ರಲ್ಲಿ ಆಂಧ್ರಪ್ರದೇಶ, ಬಿಹಾರ, ಕರ್ನಾಟಕಗಳ ಗ್ರಾಮಾಂತರ ಪ್ರದೇಶಗಳಲ್ಲಿ ಪರೀಕ್ಷಾರ್ಥ ನೋಂದಣಿ ಮಾಡಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳನ್ನು. ಜೀವಮಾನವೆಲ್ಲ ಮಣ್ಣು, ಮಟ್ಟೆಗಳಲ್ಲಿ ದುಡಿದು ಬೆರಳ ಗೆರೆ ಸವೆದವರ ಮುದ್ರೆ ಯಂತ್ರಕ್ಕೆ ಸಿಗುವುದೋ, ಕಣ್ಣಿನ ಪಾಪೆಯ ಚಿತ್ರವನ್ನು ಹಳ್ಳಿಯ ಶಾಲೆಯ ಕೊಠಡಿಯಲ್ಲಿ ತೆಗೆಯಲು ಸಾಧ್ಯವೋ ಎಂಬ ಪ್ರಶ್ನೆಗಳಿಗೆ ದೆಹಲಿಯ ಕಚೇರಿಯಲ್ಲಿ ಕುಳಿತು ಉತ್ತರ ದೊರೆಯುವಂತಿರಲಿಲ್ಲ. ಆಧಾರಿನ ಆಮೇಲಿನ ಇತಿಹಾಸದ ಬಗೆಗೆ ಭಿನ್ನಾಭಿಪ್ರಾಯಗಳು ಎಷ್ಟಿದ್ದರೂ, ಕೋಟಿ ಜನಕ್ಕೆ ಹೊರಡುವ ಮುನ್ನ ಸಾವಿರ ಜನರಲ್ಲಿ ಪರೀಕ್ಷಿಸಿದ ವಿವೇಕವನ್ನು ಒಪ್ಪಬೇಕು.

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಗೆ ನಡೆಯುವ ಇ-ಟೆಂಡರಿನ ಹಿಂದೆಯೂ ಹಂತಹಂತವಾಗಿ ವಿಸ್ತರಿಸಿದ ವ್ಯವಸ್ಥೆಯೇ ಇದೆ. ರಾಜ್ಯ ಸರ್ಕಾರವೂ ಎನ್‌ಸಿಡಿಇಎಕ್ಸ್ ಎಂಬ ಸರಕು ವಿನಿಮಯ ಕೇಂದ್ರದ ಬಳಗದ ಸಂಸ್ಥೆಯೂ ಕೂಡಿ ಸ್ಥಾಪಿಸಿದ ಸೇವಾಸಂಸ್ಥೆಯೊಂದು 2014ರಿಂದ ರಾಜ್ಯದ ಮಾರುಕಟ್ಟೆಗಳನ್ನು ಒಂದೊಂದಾಗಿ ಏಕೀಕೃತ ವೇದಿಕೆಗೆ ಸೇರಿಸುತ್ತ ಬಂದಿತು. ದಲ್ಲಾಳಿಯ ಅಂಗಡಿಯ ಮುಂದೆ ಸುರಿದ ಕೊಬ್ಬರಿಗೆ ಲಾಟ್ ಸಂಖ್ಯೆ ಬೀಳುತ್ತದೆ. ವರ್ತಕರು ಕೈಯಲ್ಲಿ ಹಿಡಿದು ನೋಡಿ, ಬೇರೆಯವರಿಗೆ ಕಾಣದಂತೆ ತಮ್ಮ ದರವನ್ನು ನಮೂದಿಸುತ್ತಾರೆ. ಗೊತ್ತಾದ ಗಳಿಗೆಗೆ ಅತ್ಯಧಿಕ ದರ ಪ್ರಕಟವಾಗುತ್ತದೆ. ಒಪ್ಪದಿದ್ದರೆ ಬೇಡವೆನ್ನುವ ಹಕ್ಕು ರೈತನಿಗುಂಟು. ಎರಡು ವರ್ಷದಲ್ಲಿ, 2016ರ ಏಪ್ರಿಲಿನಲ್ಲಿ, ಕೇಂದ್ರ ಸರ್ಕಾರವು ಇ-ನಾಮ್ ಎಂಬ ರಾಷ್ಟ್ರೀಯ ಮಾರುಕಟ್ಟೆಯನ್ನು ಆರಂಭಿಸಿದಾಗ ಕರ್ನಾಟಕದ ಅನುಭವ ಮುಂದೆಯೇ ಇತ್ತು.

ಆದರೂ ಎಲ್ಲವನ್ನೂ ತುಂಡು ತುಂಡಾಗಿ ಮಾಡಬಹುದೆಂಬುದು ಭ್ರಮೆ. ಭೂಮಿ ಯೋಜನೆಯಲ್ಲಿ ರಾಜ್ಯದ ಅಂದಿನ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೇರಿದಾಗ, ಗೊತ್ತಾದ ದಿನದಿಂದ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸರ್ಕಾರ ಕಟ್ಟುನಿಟ್ಟಾಗಿ ಸಾರಬೇಕಾಯಿತು. ಎರಡೂ ಬಗೆಯ ಪಹಣಿಗಳು ಜೊತೆಜೊತೆಗೆ ಚಲಾವಣೆಯಲ್ಲಿದ್ದರೆ ವಂಚನೆಗೆ ಬಾಗಿಲು ತೆರೆದಂತೆಯೇ. ದಿನಾಂಕವನ್ನು ಶಿಲಾಶಾಸನ ಮಾಡಬೇಕಾದ ಸ್ಥಳವೂ ಉಂಟು. ಸೇತುವೆ, ರೈಲುಸಂಕೇತ, ವೈದ್ಯಯಂತ್ರಗಳ ತಂತ್ರಾಂಶದಲ್ಲಿ ‘ಮುಂದಿನ ಸ್ಪ್ರಿಂಟಿನಲ್ಲಿ ಸರಿಮಾಡುತ್ತೇವೆ’ ಎಂಬ ಮಾತು ಸಲ್ಲದು.

ಪದ್ಧತಿಯ ವಿಕಾರಗಳಂತೂ ಈಗ ಪದ್ಧತಿಯಷ್ಟೇ ವಿಸ್ತಾರವಾಗಿವೆ. ನಿಂತು ಆಡುವ ಮಾತು ಹಾಜರಿ ಪುಸ್ತಕವಾಗಿದೆ. ಕೆಲಸದ ಗಾತ್ರವನ್ನು ತಂಡ ತನ್ನ ಅಂದಾಜಿಗೆಂದು ಕೊಟ್ಟುಕೊಂಡ ಅಂಕಗಳನ್ನು ಮ್ಯಾನೇಜರು ಕೂಲಿಯ ಅಳತೆಗೋಲಾಗಿ ಬಳಸಿದೊಡನೆ, ಅಂದಾಜುಗಳು ತಾವಾಗಿಯೇ ಉಬ್ಬತೊಡಗುತ್ತವೆ. ತಡವಾದರೆ ಇನ್ನೂ ನಾಲ್ಕು ಜನರನ್ನು ತಂದು ಸುರಿಯುವ ಚಪಲವೂ ಹೋಗಿಲ್ಲ; ತಡವಾದ ತಂತ್ರಾಂಶ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂದು ಫ್ರೆಡ್ ಬ್ರೂಕ್ಸ್ 1975ರಲ್ಲಿಯೇ ಬರೆದಿಟ್ಟಿದ್ದನು, ಹೊಸಬರಿಗೆ ಕಲಿಸುವ ಹೊರೆಯೂ ಪರಸ್ಪರ ಸಂಪರ್ಕದ ಹೊರೆಯೂ ಹಳಬರ ಮೇಲೆಯೇ ಬೀಳುವುದರಿಂದ.

ಸಾರ್ವಜನಿಕ ಕಾರ್ಯಗಳಲ್ಲಿ ತೊಡಕು ಇನ್ನೊಂದು ಬಗೆಯದು. 2024ರ ಆರಂಭದಲ್ಲಿ, ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆಯ ಖರೀದಿಗೆಂದು ರೈತರ ನೋಂದಣಿ ಆರಂಭವಾದಾಗ ಉಂಟಾದ ನೂಕುನುಗ್ಗಲನ್ನೂ, ಅಕ್ರಮದ ದೂರುಗಳನ್ನೂ, ಆ ನೋಂದಣಿ ರದ್ದಾಗಿ ಮಾರ್ಚಿನಲ್ಲಿ ಬೆರಳಚ್ಚಿನೊಡನೆ ಹೊಸದಾಗಿ ನಡೆದುದನ್ನೂ ಈ ಸೀಮೆಯವರು ಮರೆತಿಲ್ಲ. ಅಕ್ರಮವನ್ನು ತಂತ್ರಾಂಶವೊಂದೇ ತಡೆಯಲಾರದು. ಆದರೂ ಎಲ್ಲ ಕೇಂದ್ರಗಳ ಬಾಗಿಲನ್ನೂ ತೆರೆಯುವ ಮೊದಲು ಒಂದೇ ಕೇಂದ್ರದಲ್ಲಿ ಒಂದೆರಡು ದಿನ ನಡೆಸಿ ನೋಡುವ ರೂಢಿ ಇಂಥ ವ್ಯವಸ್ಥೆಗಳಿಗೆಲ್ಲ ಇರಬೇಕೆಂದು ನನಗನ್ನಿಸುತ್ತದೆ. ಹಾಗಿರದಿರುವುದಕ್ಕೆ ಅಧಿಕಾರಿಗಳ ಆಲಸ್ಯವೊಂದೇ ಕಾರಣವಲ್ಲ. ಸರ್ಕಾರಿ ಖರೀದಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯಿದೆಯಡಿ ಟೆಂಡರು ಕರೆಯುವಾಗ ಬೇಕಾದುದನ್ನು ಮೊದಲೇ ಪಟ್ಟಿಮಾಡಿ ದರ ಕೇಳುವುದು ರೂಢಿ. ಪಟ್ಟಿಯಲ್ಲಿಲ್ಲದ್ದನ್ನು ನಡುವೆ ಸೇರಿಸಿದರೆ ಲೆಕ್ಕಪರಿಶೋಧಕರು ಆಕ್ಷೇಪಿಸುತ್ತಾರೆ, ಬಿಟ್ಟರೆ ಬಳಸುವವರು ಶಪಿಸುತ್ತಾರೆ. ಪಟ್ಟಿಯ ಬದಲು ಅವಧಿಯನ್ನೂ ತಂಡವನ್ನೂ ಕರಾರು ಮಾಡಿಕೊಂಡು, ಪ್ರತಿ ಹದಿನೈದು ದಿನಕ್ಕೆ ಕಣ್ಣಿಗೆ ಕಂಡದ್ದಕ್ಕೆ ಹಣ ಕೊಡುವ ಕ್ರಮವನ್ನು ಸರ್ಕಾರ ಕಲಿಯಲು ಸಮಯ ಹಿಡಿದೀತು. ಸಹಕಾರ ಸಂಘಕ್ಕೆ ಅಷ್ಟು ಕಾಯುವ ಅಗತ್ಯವಿಲ್ಲ: ಮುಂಗಡವನ್ನು ಚಿಕ್ಕದಾಗಿರಿಸಿ, ಎರಡು ವಾರದೊಳಗೆ ತೂಕದ ಪರದೆಯೊಂದನ್ನಾದರೂ ತೋರಿಸಬೇಕೆಂದು ಕರಾರಿನಲ್ಲಿ ಬರೆಯಿಸಿ, ಅದನ್ನು ನೋಡಲು ಚೀಟಿ ಬರೆಯುವ ಗುಮಾಸ್ತನಿಗೆ ಅರ್ಧ ದಿನ ಬಿಡುವು ಕೊಟ್ಟರೆ ಕೆಲಸ ಆರಂಭಿಸಬಹುದು.