ಕಾಲಿನ ಇಸುಬು: ಹೋಯಿತೆಂದರೆ ಮತ್ತೆ ಬರುವುದೇಕೆ?

ಹಸುವಿನ ಮೊಲೆತೊಟ್ಟಿನಲ್ಲಿ ಸಣ್ಣ ಬಿರುಕು ಕಂಡರೆ ಅಂದೇ ಬೆಣ್ಣೆ ಸವರುತ್ತೇವೆ. ನಮ್ಮ ಹಿಮ್ಮಡಿ ಒಡೆದು ರಕ್ತ ಜಿನುಗಿದರೆ ಮಾತ್ರ ‘ಕೊಟ್ಟಿಗೆ ಕೆಲಸದವರ ಕಾಲೇ ಹೀಗೆ’ ಎಂದು ವರ್ಷಗಟ್ಟಲೆ ಸುಮ್ಮನಿರುತ್ತೇವೆ.

ಪಾದದ ಮೇಲೆ, ಹಿಮ್ಮಡಿಯ ಸುತ್ತ ಚರ್ಮ ಕೆಂಪಾಗಿ ತುರಿಸುತ್ತದೆ. ನೀರುಗುಳ್ಳೆ ಎದ್ದು ರಸ ಸೋರುತ್ತದೆ. ತುರಿಸಿ ತುರಿಸಿ ಚರ್ಮ ಕಪ್ಪಾಗಿ, ದಪ್ಪಗಾಗಿ, ಬಿರಿಯುತ್ತದೆ. ಇದೇ ಇಸುಬು; ಡಾಕ್ಟರು ಎಕ್ಸಿಮಾ ಎನ್ನುತ್ತಾರೆ. ಇದು ಅಂಟುರೋಗವಲ್ಲ. ಮಗುವನ್ನು ಎತ್ತಿಕೊಳ್ಳಲು ಹೆದರಬೇಕಿಲ್ಲ.

ಚರ್ಮದ ಎಣ್ಣೆಪಸೆ ಹೊಲದ ಬೇಲಿಯಿದ್ದಂತೆ. ದಿನಕ್ಕೆರಡು ಹೊತ್ತು ಗಂಜಲದಲ್ಲಿ ನಿಂತು, ಸೋಪಿನ ಪುಡಿ, ಫಿನಾಯಿಲ್, ಬ್ಲೀಚಿಂಗ್ ಪುಡಿಯ ನೀರು ತುಳಿದರೆ ಆ ಬೇಲಿ ಕಿತ್ತುಹೋಗುತ್ತದೆ. ಮುಲಾಮಿನಿಂದ ತುರಿಕೆ ನಿಲ್ಲಬಹುದು, ಕಾರಣ ಕೊಟ್ಟಿಗೆಯಲ್ಲೇ ಉಳಿದಿರುತ್ತದೆ. ಕೆಲವರಿಗೆ ಚಪ್ಪಲಿಯ ರಬ್ಬರೇ ಆಗಿಬರುವುದಿಲ್ಲ. ಕಲೆ ಚಪ್ಪಲಿ ಪಟ್ಟಿಯ ಆಕಾರದಲ್ಲೇ ಇದೆಯೇ, ನೋಡಿಕೊಳ್ಳಿ.

ತುರಿಸುವುದೆಲ್ಲ ಇಸುಬಲ್ಲ. ಬೆರಳ ಸಂದಿಯಲ್ಲಿ ಬೆಳ್ಳಗೆ ನೆನೆದು ಸುಲಿಯುವ ಕೆಸರುಹುಣ್ಣು ಹೆಚ್ಚಾಗಿ ಶಿಲೀಂಧ್ರದಿಂದ ಬರುವಂಥದ್ದು. ಅಂಚು ಉಬ್ಬಿ ಬಳೆಯಂತೆ ಹರಡುವುದು ಹುಳುಕಡ್ಡಿ. ಅದು ಕರುಗಳ ಮೈಯಿಂದಲೂ ನಮಗೆ ದಾಟುತ್ತದೆ. ಇವಕ್ಕೆ ಬೇರೆಯೇ ಔಷಧಿ. ನಾವು ಮಾಡುವುದೇನು? ಮೆಡಿಕಲ್ ಶಾಪಿನಲ್ಲಿ ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎನ್ನುತ್ತೇವೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ನಾಲ್ಕು ದಿನ ಹಿತವೆನಿಸುತ್ತದೆ. ಹುಳುಕಡ್ಡಿಯಾಗಿದ್ದರೆ ಗುರುತೇ ಸಿಗದಂತೆ ಹರಡುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹಾಗೆಂದು ಸ್ಟೀರಾಯ್ಡ್ ವಿಷವೇನಲ್ಲ. ಇಸುಬೆಂದು ಖಚಿತವಾದ ಮೇಲೆ ಡಾಕ್ಟರು ಹೇಳಿದಷ್ಟು ದಿನ, ಹೇಳಿದಷ್ಟೇ ಹಚ್ಚಿದರೆ ಅದೇ ಮುಖ್ಯ ಮದ್ದು. ತುರಿಕೆ ನಿಂತಿತೆಂದು ಎರಡೇ ದಿನಕ್ಕೆ ಬಿಟ್ಟರೆ ಮರುಕಳಿಸುತ್ತದೆ.

ಎಕ್ಕದ ಹಾಲು, ಜಜ್ಜಿದ ಬೆಳ್ಳುಳ್ಳಿ ಬೇಡವೇ ಬೇಡ, ಚರ್ಮ ಸುಡುತ್ತದೆ. ಕೆಚ್ಚಲು ತೊಳೆಯುವ ಪೊಟ್ಯಾಸಿಯಂ ಪರ್ಮಾಂಗನೇಟನ್ನು ರಸ ಸೋರುವ ಇಸುಬಿಗೆ ಡಾಕ್ಟರೂ ಹೇಳುವುದುಂಟು. ಆದರೆ ತಿಳಿ ಗುಲಾಬಿ ಬಣ್ಣದ ನೀರು ಮಾತ್ರ. ಕರಗದ ಹರಳು ತಾಗಿದರೆ ಸುಟ್ಟ ಗಾಯವಾಗುತ್ತದೆ.

ಮನೆಯಲ್ಲಿ ಮಾಡಬೇಕಾದ್ದಕ್ಕೆ ಖರ್ಚು ಕಡಿಮೆ. ಕೊಟ್ಟಿಗೆಯಿಂದ ಬಂದೊಡನೆ ಬರಿ ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದಿಯನ್ನು ಪೂರ್ತಿ ಒರೆಸಿ. ಪಾದದಲ್ಲಿ ತುಸು ಪಸೆ ಇರುವಾಗಲೇ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಸಂದಿಗೆ ಬೇಡ. ರಾತ್ರಿ ಮತ್ತೊಮ್ಮೆ ಹಚ್ಚಿ ಹತ್ತಿ ಕಾಲುಚೀಲ ಹಾಕಿಕೊಳ್ಳಿ. ಗಮ್‌ಬೂಟಿನೊಳಗೂ ಒಣ ಕಾಲುಚೀಲವಿರಲಿ. ಬಿರುಕು ಕೂಡಲು ವಾರಗಳೇ ಬೇಕು.

ಕೀವು, ಜ್ವರ, ಕಾಲು ಬಾವು ಇದ್ದರೆ ತಡ ಮಾಡಬೇಡಿ. ಸಕ್ಕರೆ ಕಾಯಿಲೆ ಇರುವವರು ಸಣ್ಣ ಬಿರುಕಿಗೂ ಆಸ್ಪತ್ರೆಗೆ ಹೋಗಿ. ಮುಟ್ಟಿದರೆ ಗೊತ್ತಾಗದ ಮಚ್ಚೆಯಿದ್ದರೆ ಅದು ಇಸುಬಲ್ಲ, ಕುಷ್ಠವಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ.

ಚರ್ಮದ ಡಾಕ್ಟರ ಬಳಿ ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ಕೊಟ್ಟಿಗೆಯಲ್ಲಿ ಮೆಟ್ಟುವ ಚಪ್ಪಲಿಯನ್ನೂ ಒಯ್ಯಿರಿ, ನಾಚಿಕೆ ಬೇಡ.