ವಿದ್ಯುತ್ ಕಾರಿನ ವೇಗವೂ ಕಲಬುರಗಿಯ ಬಿಸಿಲೂ

ಕಲಬುರಗಿಯಿಂದ ಕೆಂಪು ಬಾಳೆಗೆ ಹೆಸರಾದ ಕಮಲಾಪುರಕ್ಕೆ ಸುಮಾರು 35 ಕಿಲೋಮೀಟರು ದೂರ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ‘ರೇವಾ’ ಎಂಬ ವಿದ್ಯುತ್ ಕಾರು ಒಮ್ಮೆ ವಿದ್ಯುತ್ತನ್ನು ತುಂಬಿಸಿದರೆ ಸುಮಾರು 80 ಕಿಲೋಮೀಟರು ಓಡುತ್ತಿತ್ತು. ಈ ದಾರಿಯಲ್ಲಿ ಹೋಗಿಬರಲು ಅಷ್ಟು ಸಾಕು. 2008ರಲ್ಲಿ ಅಮೆರಿಕದಲ್ಲಿ ಬಂದ ‘ಟೆಸ್ಲಾ ರೋಡ್‌ಸ್ಟರ್’ ಎಂಬ ಸ್ಪೋರ್ಟ್ಸ್ ಕಾರಾದರೋ ನಿಂತಲ್ಲಿಂದ ಹೊರಟು ಸುಮಾರು 4 ಸೆಕೆಂಡುಗಳಲ್ಲಿ ಗಂಟೆಗೆ 100 ಕಿಲೋಮೀಟರು ವೇಗವನ್ನು ಮುಟ್ಟಿತು.

ಈ ಚುರುಕು ಎಲ್ಲಿಂದ ಬಂದಿತೆಂದು ನಾವು ವಿಚಾರಿಸೋಣ. ಪೆಟ್ರೋಲ್ ಎಂಜಿನ್ನು ಸಾಕಷ್ಟು ವೇಗವಾಗಿ ಸುತ್ತತೊಡಗಿದ ಮೇಲೆಯೇ ತಿರುಗಿಸುವ ಬಲವನ್ನು ಪೂರ್ಣವಾಗಿ ಕೊಡುವುದು. ವಿದ್ಯುತ್ ಮೋಟಾರು ಅದನ್ನು ಮೊದಲ ಸುತ್ತಿನಲ್ಲಿಯೇ ಕೊಡಬಲ್ಲುದು. ಆದರೆ ಬಲ ಹೆಚ್ಚಬೇಕಾದರೆ ವಿದ್ಯುತ್ ಪ್ರವಾಹವೂ ಹೆಚ್ಚಬೇಕು. ಪ್ರವಾಹವು ಇಮ್ಮಡಿಯಾದರೆ ಬ್ಯಾಟರಿಯ ಒಳರೋಧದಿಂದ ಹುಟ್ಟುವ ಶಾಖವು ನಾಲ್ಮಡಿಯಾಗುವುದು! ಬೇಸಗೆಯಲ್ಲಿ ಕಲಬುರಗಿಯ ಗಾಳಿಯೇ 40 ಡಿಗ್ರಿ ಸೆಲ್ಸಿಯಸನ್ನು ದಾಟುವಾಗ ಆ ಶಾಖವನ್ನು ಹೊರದೂಡುವುದು ಸುಲಭವಲ್ಲ. ಅತಿಯಾಗಿ ಕಾದ ಲಿಥಿಯಂ ಕೋಶಗಳ ಆಯುಸ್ಸು ಕುಗ್ಗುವುದು. ಆದುದರಿಂದಲೇ ರೋಡ್‌ಸ್ಟರಿನ 6,831 ಕೋಶಗಳ ನಡುವೆ ತಂಪುಗೊಳಿಸುವ ದ್ರವವನ್ನು ಹರಿಸಿದರು. ಇಂದು ಅನೇಕ ಸಾಮಾನ್ಯ ವಿದ್ಯುತ್ ಕಾರುಗಳಲ್ಲಿಯೂ ಇಂಥ ಏರ್ಪಾಡು ಉಂಟು. ಕಮಲಾಪುರದ ದಾರಿಯಲ್ಲಿ ನಿತ್ಯವೂ ಓಡಬೇಕಾದ ಕಾರನ್ನು ಆರಿಸುವಾಗ ವೇಗದ ಅಂಕೆಗಿಂತ ಮೊದಲು ನಾವು ಈ ಏರ್ಪಾಡನ್ನು ವಿಚಾರಿಸತಕ್ಕದ್ದು.